ಹಳೆಯ ಟ್ರ್ಯಾಕ್ಟರಿನಲ್ಲಿ ಕೂತಿರುವ ಎಂಜಿನ್ ಯಾವುದೆಂದು ಗುರುತಿಸುವ ಕ್ರಮ

ಹಳೆಯ ಟ್ರ್ಯಾಕ್ಟರಿಗೆ ಪಿಸ್ಟನ್, ಲೈನರ್, ಬೇರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ ತರಿಸುವಾಗ ಬಾನೆಟ್ಟಿನ ಮೇಲಿರುವ ಹೆಸರನ್ನಷ್ಟೇ ಹೇಳಿದರೆ ಸಾಲುವುದಿಲ್ಲ. ಒಂದೇ ಮಾದರಿಯ ಟ್ರ್ಯಾಕ್ಟರಿಗೆ ಕಾರ್ಖಾನೆಯಲ್ಲೇ ಎರಡು ಮೂರು ಬಗೆಯ ಎಂಜಿನ್‌ಗಳನ್ನು ಕೂರಿಸುವುದು ಆ ಕಾಲದ ಸಾಮಾನ್ಯ ಪದ್ಧತಿಯಾಗಿತ್ತು. 1956ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಫರ್ಗುಸನ್ 35ಕ್ಕೆ ಸ್ಟ್ಯಾಂಡರ್ಡ್ ಕಂಪನಿಯ ಪೆಟ್ರೋಲ್ ಎಂಜಿನ್ ಇತ್ತು, ಅದೇ ಕಂಪನಿಯ 23ಸಿ ಎಂಬ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ನೂ ಇತ್ತು. ಮ್ಯಾಸಿ ಫರ್ಗುಸನ್ 35 ಎಂದು ಹೆಸರು ಬದಲಾದ ಮೇಲೆ, 1959ರ ಕೊನೆಯ ಹೊತ್ತಿಗೆ, ಅದೇ ಟ್ರ್ಯಾಕ್ಟರಿಗೆ ಪರ್ಕಿನ್ಸ್‌ನ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ ಬಂತು. ಅಮೆರಿಕದಲ್ಲಿ ತಯಾರಾದ ಟಿಒ35ರಲ್ಲಿ ಇದ್ದದ್ದು ಕಾಂಟಿನೆಂಟಲ್ ಕಂಪನಿಯ ಜೆಡ್-134 ಪೆಟ್ರೋಲ್ ಎಂಜಿನ್. ಇವು ಮೂಲದಲ್ಲೇ ಇದ್ದ ವ್ಯತ್ಯಾಸಗಳು. ಇದರ ಮೇಲೆ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಕೈ ಬದಲಾಗುತ್ತಾ ಬಂದ ಯಂತ್ರಕ್ಕೆ ಯಾರು ಯಾವಾಗ ಬೇರೆ ಎಂಜಿನ್ ಹಾಕಿದರೆಂಬುದಕ್ಕೆ ಬಹಳಷ್ಟು ಸಂದರ್ಭಗಳಲ್ಲಿ ದಾಖಲೆಯೇ ಇರುವುದಿಲ್ಲ.

ಆದುದರಿಂದ ಎಂಜಿನ್ನಿನ ಗುರುತನ್ನು ಎಂಜಿನ್ನಿನ ಮೈಮೇಲೆಯೇ ಹುಡುಕಬೇಕು. ಯಾವುದೋ ಒಂದು ಸಂಖ್ಯೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲದೆ, ಕಣ್ಣಿಗೆ ಕಾಣುವ ರಚನೆ, ಬ್ಲಾಕಿನ (ಸಿಲಿಂಡರುಗಳಿರುವ ಎರಕದ ಮುಖ್ಯ ಒಡಲಿನ) ಮೇಲಿನ ಸಂಖ್ಯೆಗಳು, ಅಳತೆ ಈ ಮೂರೂ ಒಂದೇ ಉತ್ತರ ಕೊಡುವವರೆಗೆ ಪರೀಕ್ಷೆ ಮುಂದುವರಿಸುವುದು ಒಳ್ಳೆಯದು. ಇವುಗಳಲ್ಲಿ ಒಂದು ಹೊಂದಿಕೆಯಾಗದಿದ್ದರೂ ಬಿಡಿಭಾಗಕ್ಕೆ ಹಣ ಕಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಹಂತ: ತೊಳೆಯುವ ಮುನ್ನ ನೋಡುವುದು

ಬಾನೆಟ್ ತೆಗೆದು, ಬ್ಯಾಟರಿಯ ತಂತಿ ಬಿಚ್ಚಿ, ಎಂಜಿನ್ನಿನ ಎರಡೂ ಬದಿಯ ಚಿತ್ರಗಳನ್ನು ಹಗಲು ಬೆಳಕಿನಲ್ಲಿ ತೆಗೆದುಕೊಳ್ಳಿ. ಜಿಡ್ಡು, ಬಣ್ಣದ ಪದರ, ತುಕ್ಕು ಇವು ಕೂಡ ಸಾಕ್ಷ್ಯಗಳೇ. ತೊಳೆದ ಮೇಲೆ ಅವು ಮರಳಿ ಸಿಗುವುದಿಲ್ಲ. ಗೇರ್‌ಬಾಕ್ಸಿನ ಮೇಲೆ ಮೂರು ಪದರ ಬಣ್ಣವಿದ್ದು ಎಂಜಿನ್ನಿನ ಮೇಲೆ ಒಂದೇ ಪದರವಿದ್ದರೆ, ಎಂಜಿನ್ ಒಮ್ಮೆಯಾದರೂ ಹೊರಗೆ ಬಂದಿದೆ ಎಂದು ಊಹಿಸಬಹುದು. ಅದು ಬದಲಾಗಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ, ರಿಪೇರಿಯಾಗಿ ಅದೇ ಎಂಜಿನ್ ವಾಪಸು ಕೂತಿರಬಹುದು. ಆದರೂ ಮುಂದಿನ ಹಂತಗಳಲ್ಲಿ ಎಚ್ಚರವಾಗಿರಲು ಇದೊಂದು ಕಾರಣ.

ಬಳಿಕ ಸಿಲಿಂಡರುಗಳನ್ನು ಎಣಿಸಿ. ಡೀಸೆಲ್ ಎಂಜಿನ್ನಿನಲ್ಲಿ ಇಂಜೆಕ್ಟರುಗಳನ್ನೂ ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಎಣಿಸಿದರೆ ಸಾಕು. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕವಲುಗಳನ್ನು ನಂಬಬಾರದು, ಏಕೆಂದರೆ ಹಲವು ಎಂಜಿನ್‌ಗಳಲ್ಲಿ ನಡುವಿನ ಎರಡು ಸಿಲಿಂಡರುಗಳ ಹೊಗೆ ಒಂದೇ ಕವಲಿನಲ್ಲಿ ಹೊರಬರುತ್ತದೆ. ಮೇಲೆ ಹೇಳಿದ 35ರ ಡೀಸೆಲ್ ಮಾದರಿಯಲ್ಲಿ ಈ ಎಣಿಕೆಯೊಂದೇ ಬಹುಪಾಲು ಗೊಂದಲವನ್ನು ಮುಗಿಸುತ್ತದೆ: ನಾಲ್ಕು ಇಂಜೆಕ್ಟರುಗಳಿದ್ದರೆ ಸ್ಟ್ಯಾಂಡರ್ಡ್ 23ಸಿ, ಮೂರಿದ್ದರೆ ಪರ್ಕಿನ್ಸ್.

ಇಂಧನದ ಬಗೆಯನ್ನು ತಿಳಿಯುವುದು ಮುಂದಿನ ಕೆಲಸ. ಇಂಜೆಕ್ಷನ್ ಪಂಪಿನಿಂದ ತೆಳುವಾದ ಉಕ್ಕಿನ ನಳಿಕೆಗಳು ಹೆಡ್ಡಿಗೆ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳಕ್ಕೆ, ಹೋಗಿದ್ದರೆ ಅದು ಡೀಸೆಲ್. ಕಾರ್ಬುರೇಟರ್ ಜೊತೆಗೆ ಡಿಸ್ಟ್ರಿಬ್ಯೂಟರ್ ಅಥವಾ ಮ್ಯಾಗ್ನೆಟೊ ಇದ್ದರೆ ಪೆಟ್ರೋಲ್ ಇಲ್ಲವೇ ಸೀಮೆಎಣ್ಣೆ ಬಗೆಯ ಎಂಜಿನ್. ಕೊನೆಯ ಇವೆರಡನ್ನು ಬೇರ್ಪಡಿಸಲು ಸ್ವಲ್ಪ ಗಮನ ಬೇಕು. ಟಿವಿಒ ಎಂದು ಕರೆಯುತ್ತಿದ್ದ, ಸೀಮೆಎಣ್ಣೆಗೆ ಹತ್ತಿರದ ಇಂಧನದಲ್ಲಿ ಓಡುವ ಎಂಜಿನ್‌ಗಳನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಇನ್ನೊಂದು ಇಂಧನಕ್ಕೆ ತಿರುಗಿಸಬೇಕಾಗಿತ್ತು. ಹಾಗಾಗಿ ಅವುಗಳಲ್ಲಿ ಇಂಧನದ ಟ್ಯಾಂಕು ಎರಡು ಭಾಗವಾಗಿರುತ್ತದೆ. ಒಳಹೋಗುವ ಮಿಶ್ರಣವನ್ನು ಬಿಸಿಯಾಗಿಡಲು ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅನೇಕ ಸಲ ಅವುಗಳ ಮೇಲೆ ತಗಡಿನ ಹೊದಿಕೆಯೂ ಇರುತ್ತದೆ. ಈ ಇಂಧನ ಸಿಗದಂತಾದ ಮೇಲೆ ಇಂಥ ಅನೇಕ ಟ್ರ್ಯಾಕ್ಟರುಗಳನ್ನು ಬರೀ ಪೆಟ್ರೋಲಿನಲ್ಲಿ ಓಡಿಸತೊಡಗಿದರು. ಈಗ ಪೆಟ್ರೋಲಿನಲ್ಲಿ ಓಡುತ್ತಿದೆ ಎಂಬ ಕಾರಣಕ್ಕೆ ಅದನ್ನು ಪೆಟ್ರೋಲ್ ಮಾದರಿ ಎಂದುಕೊಂಡು ಪಿಸ್ಟನ್ ತರಿಸಬಾರದು, ಏಕೆಂದರೆ ಎರಡರ ಕಂಪ್ರೆಷನ್ ಪ್ರಮಾಣ ಬೇರೆ.

ಹೆಡ್ಡಿನ ಆಕಾರವೂ ಮಾತಾಡುತ್ತದೆ. ಮೇಲೆ ರಾಕರ್ ಕವರ್ ಇಲ್ಲದೆ, ಹೆಡ್ ಒಂದು ಚಪ್ಪಟೆ ಹಲಗೆಯಂತಿದ್ದು, ವಾಲ್ವಿನ ಮುಚ್ಚಳ ಬ್ಲಾಕಿನ ಪಕ್ಕದಲ್ಲಿದ್ದರೆ ಅದು ಸೈಡ್ ವಾಲ್ವ್ ಎಂಜಿನ್. 1945ರಿಂದ 1952ರವರೆಗೆ ಬಂದ ಫೋರ್ಡ್‌ಸನ್ ಮೇಜರ್ ಇ27ಎನ್ ಮತ್ತು ಅಮೆರಿಕದ ಫೋರ್ಡ್ 9ಎನ್, 2ಎನ್, 8ಎನ್ ಇದಕ್ಕೆ ಚಿರಪರಿಚಿತ ಉದಾಹರಣೆಗಳು. ಅದೇ ಇ27ಎನ್ ಪರ್ಕಿನ್ಸ್ ಪಿ6 ಎಂಬ ಆರು ಸಿಲಿಂಡರಿನ ಡೀಸೆಲ್ ಎಂಜಿನ್ನಿನೊಂದಿಗೂ ಸಿಗುತ್ತಿತ್ತು. ಅಂಥ ಟ್ರ್ಯಾಕ್ಟರಿನ ಮುಂಭಾಗದಲ್ಲಿ ನಾಲ್ಕು ಬಳೆಗಳ ಪರ್ಕಿನ್ಸ್ ಲಾಂಛನ ಇರುತ್ತಿತ್ತಾದರೂ, ಲಾಂಛನವನ್ನು ಎರಡು ಬೋಲ್ಟಿನಲ್ಲಿ ಯಾರು ಬೇಕಾದರೂ ಕೂರಿಸಬಹುದು ಎಂಬುದನ್ನು ಮರೆಯಬಾರದು.

ರೇಡಿಯೇಟರ್ ಇಲ್ಲದೆ ಸಿಲಿಂಡರಿನ ಸುತ್ತ ತೆಳು ರೆಕ್ಕೆಗಳಿದ್ದರೆ ಅದು ಗಾಳಿಯಿಂದ ತಣಿಯುವ ಎಂಜಿನ್. ಡಾಯ್ಟ್ಸ್, ಐಷರ್ ಹೆಸರುಗಳ ಕಡೆಗೆ ನೋಡಬೇಕು. ದೊಡ್ಡ ಫ್ಲೈವೀಲಿನ ಒಂದೇ ಅಡ್ಡ ಸಿಲಿಂಡರಿನ ಲಾಂಜ್ ಬುಲ್‌ಡಾಗ್, ಫೀಲ್ಡ್ ಮಾರ್ಷಲ್ ಮುಂತಾದವನ್ನು ಗುರುತಿಸಲು ಇಷ್ಟು ದೂರ ಬರುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ಹಂತ: ಸಂಖ್ಯೆಗಳನ್ನು ಹೊರತರುವುದು

ಟ್ರ್ಯಾಕ್ಟರಿನ ಮೇಲೆ ಮೂರು ಜಾತಿಯ ಸಂಖ್ಯೆಗಳಿರುತ್ತವೆ. ಡ್ಯಾಷ್‌ಬೋರ್ಡಿನ ಬಳಿ ಅಥವಾ ಸ್ಟೀರಿಂಗಿನ ಕೆಳಗೆ ತಗಡಿನ ಫಲಕದಲ್ಲಿರುವುದು ಸಾಮಾನ್ಯವಾಗಿ ಇಡೀ ಟ್ರ್ಯಾಕ್ಟರಿನ ಕ್ರಮಸಂಖ್ಯೆ. ಬ್ಲಾಕಿನ ಮೇಲೆ ನಯವಾಗಿ ಕೆರೆದ ಸಣ್ಣ ಚಪ್ಪಟೆ ಜಾಗದಲ್ಲಿ ಅಚ್ಚಿನಿಂದ ಬಡಿದು ಮೂಡಿಸಿದ್ದು ಎಂಜಿನ್ ಸಂಖ್ಯೆ. ಬ್ಲಾಕನ್ನು ಎರಕ ಹೊಯ್ಯುವಾಗಲೇ ಉಬ್ಬಾಗಿ ಮೂಡಿದ್ದು ಎರಕದ ಸಂಖ್ಯೆ. ಅದರ ಹತ್ತಿರದಲ್ಲೇ ಎರಕದ ದಿನಾಂಕದ ಸಂಕೇತವೂ ಇರಬಹುದು. ತಗಡಿನ ಫಲಕ ಕಳಚಿ ಹೋಗುತ್ತದೆ, ಬೇರೆ ಯಂತ್ರಕ್ಕೂ ಹೋಗುತ್ತದೆ. ಬಡಿದ ಸಂಖ್ಯೆಯನ್ನು ಉಜ್ಜಿ ಅಳಿಸಿ ಮತ್ತೆ ಬಡಿಯಲು ಸಾಧ್ಯ. ಎರಕದ ಸಂಖ್ಯೆಯನ್ನು ಬದಲಿಸುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ. ಈ ಕಾರಣಕ್ಕೆ ನಾನು ಮೊದಲು ಎರಕದ ಸಂಖ್ಯೆಗೆ, ನಂತರ ಬಡಿದ ಸಂಖ್ಯೆಗೆ, ಕೊನೆಗೆ ಫಲಕಕ್ಕೆ ಬೆಲೆ ಕೊಡುತ್ತೇನೆ.

ಸಂಖ್ಯೆ ಇರುವ ಜಾಗ ಹುಡುಕಲು ಹೆಡ್ ಗ್ಯಾಸ್ಕೆಟ್ಟಿನ ಗೆರೆಯ ಕೆಳಗೆ, ಇಂಜೆಕ್ಷನ್ ಪಂಪು ಕೂರುವ ಚಾಚಿನ ಸುತ್ತ, ಮ್ಯಾನಿಫೋಲ್ಡಿನ ಅಡಿಯಲ್ಲಿ, ಸ್ಟಾರ್ಟರ್ ಮೋಟಾರಿನ ಮೇಲ್ಭಾಗದಲ್ಲಿ ಬೆರಳಾಡಿಸುತ್ತಾ ಹೋಗಿ. ಗಟ್ಟಿಯಾದ ಜಿಡ್ಡನ್ನು ಮರದ ಚಕ್ಕೆಯಿಂದ ಕೆರೆದು, ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಹತ್ತು ನಿಮಿಷ ಒತ್ತಿಟ್ಟು, ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಬೇಕು. ಗ್ರೈಂಡರನ್ನೂ ಡ್ರಿಲ್ಲಿಗೆ ಸಿಕ್ಕಿಸುವ ಉಕ್ಕಿನ ಬ್ರಷ್ಷನ್ನೂ ಇಲ್ಲಿ ಬಳಸಲೇಬಾರದು. ಬಡಿದ ಅಕ್ಷರಗಳ ಆಳ ಬಹಳ ಕಡಿಮೆ, ಒಮ್ಮೆ ಸವೆದರೆ ಆ ಎಂಜಿನ್ನಿನ ಗುರುತು ಶಾಶ್ವತವಾಗಿ ಹೋದಂತೆ. ಹಳೆಯ ಬಣ್ಣದಲ್ಲಿ ಸೀಸದ ಅಂಶ ಇರಬಹುದಾದ್ದರಿಂದ ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸದೆ ಒದ್ದೆ ಮಾಡಿಕೊಂಡೇ ತೆಗೆಯಿರಿ. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುವುದೂ ಉಂಟು. ಅವನ್ನು ಕೆರೆಯುವಾಗಲೂ ಇದೇ ಎಚ್ಚರ ಬೇಕು.

ಮೇಲ್ಮೈ ಶುಚಿಯಾದ ಮೇಲೂ ಸಂಖ್ಯೆ ನೇರ ಬೆಳಕಿನಲ್ಲಿ ಕಾಣದೆ ಹೋಗಬಹುದು. ಆಗ ಬ್ಲಾಕಿನ ಮೈಗೆ ತಾಗುವಂತೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಪ್ರತಿ ಅಂಕಿಯ ಒಂದು ಅಂಚಿನಲ್ಲಿ ನೆರಳು ಬಿದ್ದು ಆಕಾರ ಎದ್ದು ಬರುತ್ತದೆ. ಬಡಿದ ಸಂಖ್ಯೆಗೆ ಸೀಮೆಸುಣ್ಣ ಸವರಿ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿದರೆ ಗುಳಿಗಳಲ್ಲಿ ಮಾತ್ರ ಬಿಳಿ ಉಳಿಯುತ್ತದೆ. ಉಬ್ಬಿದ ಎರಕದ ಸಂಖ್ಯೆಗೆ ತೆಳು ಕಾಗದವನ್ನು ಬಿಗಿಯಾಗಿ ಹಿಡಿದು ಪೆನ್ಸಿಲಿನ ಪಕ್ಕದಿಂದ ತೀಡುವುದು ಎಲ್ಲಕ್ಕಿಂತ ಉತ್ತಮ ಉಪಾಯ, ಏಕೆಂದರೆ ಆ ಕಾಗದವೇ ಮುಂದೆ ದಾಖಲೆಯಾಗುತ್ತದೆ. 3 ಮತ್ತು 8, 0 ಮತ್ತು 6, 1 ಮತ್ತು 7 ಇವುಗಳ ನಡುವೆ ಅನುಮಾನ ಬಂದರೆ ಊಹಿಸಿ ಬರೆಯದೆ ಎರಡೂ ಸಾಧ್ಯತೆಗಳನ್ನು ಬರೆದಿಡಿ.

ಮೂರನೆಯ ಹಂತ: ಸಂಖ್ಯೆಯನ್ನು ಓದುವುದು

ಇಂಗ್ಲೆಂಡ್ ಮತ್ತು ಅಮೆರಿಕದ ಬಹಳಷ್ಟು ತಯಾರಕರು ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ಲೆಕ್ಕ ಹಾಕಿ, ಅದೇ ಅಂಕಿಯನ್ನು ಹೆಸರಿನಲ್ಲಿ ಸೇರಿಸುತ್ತಿದ್ದರು. ಈ ಒಂದು ವಿಷಯ ತಿಳಿದರೆ ಅರ್ಧ ಒಗಟು ಬಿಡಿಸಿದಂತೆ. ಪರ್ಕಿನ್ಸ್‌ನ 3.152 ಎಂದರೆ ಮೂರು ಸಿಲಿಂಡರ್, 152 ಘನ ಇಂಚು, 4.203 ಎಂದರೆ ನಾಲ್ಕು ಸಿಲಿಂಡರ್, 203 ಘನ ಇಂಚು, 6.354 ಎಂದರೆ ಆರು ಸಿಲಿಂಡರ್, 354 ಘನ ಇಂಚು. ಅದಕ್ಕೂ ಹಿಂದಿನ ಪಿ3, ಪಿ4, ಪಿ6 ಹೆಸರುಗಳಲ್ಲಿ ಸಿಲಿಂಡರಿನ ಸಂಖ್ಯೆ ಮಾತ್ರ ಇದೆ. ಇಂಟರ್‌ನ್ಯಾಷನಲ್ ಕಂಪನಿಯ ಬ್ರಿಟಿಷ್ ಟ್ರ್ಯಾಕ್ಟರುಗಳಾದ ಬಿ-250 ಮತ್ತು ಬಿ-275ರಲ್ಲಿ ಇದ್ದದ್ದು ಬಿಡಿ-144 ಎಂಬ 144 ಘನ ಇಂಚಿನ ಡೀಸೆಲ್ ಎಂಜಿನ್, ಬಿ-414ರಲ್ಲಿ ಬಿಡಿ-154. ಟ್ರ್ಯಾಕ್ಟರಿನ ಹೆಸರಿನಲ್ಲಿರುವ 250, 275 ಎಂಬ ಅಂಕಿಗಳಿಗೂ ಎಂಜಿನ್ನಿನ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಡಾಯ್ಟ್ಸ್ ಎಂಜಿನ್‌ಗಳ ಹೆಸರಿನ ಕ್ರಮ ಬೇರೆ. ಎಫ್2ಎಲ್612 ಎಂಬುದರಲ್ಲಿ 2 ಎಂದರೆ ಸಿಲಿಂಡರುಗಳ ಸಂಖ್ಯೆ, ಎಲ್ ಎಂದರೆ ಗಾಳಿಯ ತಣಿಸುವಿಕೆ, ಕೊನೆಯ 12 ಎಂದರೆ ಸೆಂಟಿಮೀಟರಿನಲ್ಲಿ ಸ್ಟ್ರೋಕು, ಅಂದರೆ ಪಿಸ್ಟನ್ ಚಲಿಸುವ ದೂರ.

ಪರ್ಕಿನ್ಸ್ 1974ರಿಂದ ಎಂಜಿನ್ ಸಂಖ್ಯೆಯ ಕ್ರಮವನ್ನೇ ಬದಲಿಸಿತು. ಹೊಸ ಕ್ರಮದಲ್ಲಿ ಮೊದಲ ಎರಡು ಅಕ್ಷರಗಳು ಎಂಜಿನ್ನಿನ ಕುಟುಂಬವನ್ನು ಹೇಳುತ್ತವೆ: ಸಿಇ ಇದ್ದರೆ 3.152ರ ಕುಟುಂಬ, ಎಲ್‌ಡಿ ಇದ್ದರೆ 4.236. ನಡುವೆ ಬರುವ ಅಕ್ಷರ ತಯಾರಾದ ದೇಶವನ್ನು ಸೂಚಿಸುತ್ತದೆ, ಯು ಎಂದರೆ ಬ್ರಿಟನ್. ಕೊನೆಯ ಅಕ್ಷರ ವರ್ಷವನ್ನು ಹೇಳುತ್ತದೆ, ಎ ಎಂದರೆ 1974. ಹೀಗಾಗಿ 1962ರ ಟ್ರ್ಯಾಕ್ಟರಿನಲ್ಲಿ ಸಿಇ ಎಂದು ಆರಂಭವಾಗುವ ಸಂಖ್ಯೆ ಕಂಡರೆ ಆ ಎಂಜಿನ್ ಟ್ರ್ಯಾಕ್ಟರಿಗಿಂತ ಕನಿಷ್ಠ ಹನ್ನೆರಡು ವರ್ಷ ಚಿಕ್ಕದು ಎಂದು ಅಲ್ಲೇ ತೀರ್ಮಾನಿಸಬಹುದು.

ಫೋರ್ಡ್ ಕಂಪನಿಯ ಎರಕದ ಸಂಖ್ಯೆಗಳು ಓದಲು ಸುಲಭ. ಮೊದಲ ಅಕ್ಷರ ದಶಕ, ಅದರ ಮುಂದಿನ ಅಂಕಿ ವರ್ಷ: ಬಿ ಎಂದರೆ 1950ರ ದಶಕ, ಸಿ ಎಂದರೆ 1960ರ ದಶಕ, ಡಿ ಎಂದರೆ 1970ರ ದಶಕ. ಸಿ5 ಎಂದು ಆರಂಭವಾಗಿ ನಡುವೆ 6015 ಇದ್ದರೆ ಅದು 1965ರಲ್ಲಿ ವಿನ್ಯಾಸಗೊಂಡ ಸಿಲಿಂಡರ್ ಬ್ಲಾಕ್ ಎಂದರ್ಥ. ವಿನ್ಯಾಸದ ವರ್ಷ ಬೇರೆ, ಎರಕ ಹೊಯ್ದ ವರ್ಷ ಬೇರೆ. 1965ರ ವಿನ್ಯಾಸದ ಬ್ಲಾಕನ್ನು ನಂತರದ ವರ್ಷಗಳಲ್ಲೂ ಹೊಯ್ಯುತ್ತಿದ್ದರು. ಇದೇ ಎರಕದಿಂದ ಬೇರೆ ಬೇರೆ ಬೋರಿನ (ಸಿಲಿಂಡರಿನ ಒಳವ್ಯಾಸದ) ಎಂಜಿನ್‌ಗಳನ್ನು ತಯಾರಿಸಿರುವುದೂ ಉಂಟು, ಮತ್ತು ಬಿಡಿಭಾಗಗಳ ಪುಸ್ತಕದಲ್ಲಿರುವ ಸಂಖ್ಯೆ ಎರಕದ ಸಂಖ್ಯೆಯೊಂದಿಗೆ ಪೂರ್ತಿ ಹೊಂದಲೇಬೇಕೆಂದಿಲ್ಲ. ಎರಕದ ಸಂಖ್ಯೆ ಕುಟುಂಬವನ್ನು ಖಚಿತವಾಗಿ ಹೇಳುತ್ತದೆ; ಕುಟುಂಬದೊಳಗಿನ ನಿಖರವಾದ ಮಾದರಿಯನ್ನು ಅಳತೆಯಿಂದಲೇ ತಿಳಿಯಬೇಕು.

ಫೋರ್ಡಿನ 9ಎನ್, 2ಎನ್, 8ಎನ್ ಟ್ರ್ಯಾಕ್ಟರುಗಳಲ್ಲಿ ಒಂದು ವಿಶೇಷ ತೊಡಕಿದೆ. ಅವುಗಳ ಕ್ರಮಸಂಖ್ಯೆಯನ್ನು ಎಂಜಿನ್ನಿನ ಎಡಬದಿಯಲ್ಲಿ, ಹೆಡ್ಡಿನ ಕೆಳಗೆ, ಆಯಿಲ್ ಫಿಲ್ಟರಿನ ಹಿಂದೆ ಬಡಿಯುತ್ತಿದ್ದರು. ಅಂದರೆ ಎಂಜಿನ್ ಬದಲಾದರೆ ಟ್ರ್ಯಾಕ್ಟರಿನ ಸಂಖ್ಯೆಯೂ ಅದರೊಂದಿಗೆ ಹೋಗಿಬಿಡುತ್ತದೆ. ಮೇಲಾಗಿ 2ಎನ್ ಟ್ರ್ಯಾಕ್ಟರುಗಳ ಸಂಖ್ಯೆಯೂ 9ಎನ್ ಎಂದೇ ಆರಂಭವಾಗುತ್ತದೆ. 8ಎನ್‌ನಲ್ಲಿ 263844ನೆಯ ಸಂಖ್ಯೆಯಿಂದ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮುಂಭಾಗದಿಂದ ಪಕ್ಕಕ್ಕೆ ಬಂತು. ಬಡಿದ ಸಂಖ್ಯೆಗೂ ಡಿಸ್ಟ್ರಿಬ್ಯೂಟರಿನ ಜಾಗಕ್ಕೂ ತಾಳೆಯಾಗದಿದ್ದರೆ ಸಂಖ್ಯೆಯನ್ನು ತಪ್ಪು ಓದಿದ್ದೀರಿ, ಇಲ್ಲವೇ ಭಾಗಗಳು ಬೆರೆತಿವೆ.

ಫರ್ಗುಸನ್ ಟಿಇ20 ಸರಣಿಯಲ್ಲಿ ಮಾದರಿಯ ಅಕ್ಷರವೇ ಎಂಜಿನ್ನಿನ ಬಗೆಯನ್ನು ಹೇಳುತ್ತದೆ. ಮೊದಲ ಟಿಇ20ಗಳಲ್ಲಿ ಅಮೆರಿಕದಿಂದ ತರಿಸಿದ ಕಾಂಟಿನೆಂಟಲ್ ಜೆಡ್-120 ಇತ್ತು. ಟಿಇಎ20 ಎಂದರೆ ಸ್ಟ್ಯಾಂಡರ್ಡ್‌ನ ಪೆಟ್ರೋಲ್ ಎಂಜಿನ್, ಟಿಇಡಿ20 ಎಂದರೆ ಟಿವಿಒ, 1951ರಲ್ಲಿ ಬಂದ ಟಿಇಎಫ್20 ಎಂದರೆ ಡೀಸೆಲ್. ಆದರೆ ಈ ಅಕ್ಷರಗಳು ಇರುವುದು ತಗಡಿನ ಫಲಕದ ಮೇಲೆ. ಫಲಕದ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದೆಂದು ಆಗಲೇ ಹೇಳಿದ್ದೇನೆ.

ನಾಲ್ಕನೆಯ ಹಂತ: ಅಳೆಯುವುದು

ಸಂಖ್ಯೆಗಳು ಅಳಿಸಿಹೋಗಿದ್ದಾಗ ಅಥವಾ ಒಂದಕ್ಕೊಂದು ವಿರುದ್ಧವಾಗಿದ್ದಾಗ ಬೋರ್ ಮತ್ತು ಸ್ಟ್ರೋಕ್ ಎಂಬ ಎರಡು ಅಳತೆಗಳೇ ತೀರ್ಪುಗಾರರು. ಬೋರ್ ಎಂದರೆ ಸಿಲಿಂಡರಿನ ಒಳವ್ಯಾಸ. ಅದನ್ನು ಅಳೆಯಲು ಹೆಡ್ ಬಿಚ್ಚಲೇಬೇಕು. ಸ್ಟ್ರೋಕ್ ಎಂದರೆ ಪಿಸ್ಟನ್ ಕೆಳತುದಿಯಿಂದ ಮೇಲ್ತುದಿಗೆ ಚಲಿಸುವ ದೂರ. ಅನುಕೂಲವಿದ್ದರೆ ಅದನ್ನು ಹೆಡ್ ಬಿಚ್ಚದೆಯೂ ತಿಳಿಯಬಹುದು. ಇಂಧನ ನಿಲ್ಲಿಸಿ, ಎಲ್ಲ ಇಂಜೆಕ್ಟರ್ ಅಥವಾ ಪ್ಲಗ್ಗುಗಳನ್ನು ತೆಗೆದು, ನೇರವಾದ ತೆಳು ಮರದ ಕಡ್ಡಿಯನ್ನು ರಂಧ್ರದ ಮೂಲಕ ಪಿಸ್ಟನ್ನಿನ ತಲೆಗೆ ತಾಗಿಸಿ, ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ, ಪಿಸ್ಟನ್ ತೀರಾ ಮೇಲೆ ಮತ್ತು ತೀರಾ ಕೆಳಗೆ ಇದ್ದಾಗ ಕಡ್ಡಿಯ ಮೇಲೆ ಗುರುತು ಹಾಕಿದರೆ ಎರಡರ ನಡುವಿನ ಅಂತರವೇ ಸ್ಟ್ರೋಕ್. ರಂಧ್ರ ಓರೆಯಾಗಿದ್ದರೆ ಅಳತೆ ನಿಜಕ್ಕಿಂತ ಹೆಚ್ಚು ಬರುತ್ತದೆ. ಸೈಡ್ ವಾಲ್ವ್ ಎಂಜಿನ್‌ಗಳಲ್ಲಿ ಪ್ಲಗ್ಗಿನ ರಂಧ್ರ ವಾಲ್ವಿನ ಮೇಲೆ ತೆರೆಯಬಹುದು. ಇಂಧನ ಮೊದಲು ಹೆಡ್ಡಿನೊಳಗಿನ ಸಣ್ಣ ಕೋಣೆಗೆ ಹೋಗುವ ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ಕಡ್ಡಿ ಪಿಸ್ಟನ್ನಿಗೆ ತಲಪುವುದೇ ಇಲ್ಲ. ಇಂಥ ಎಡೆಗಳಲ್ಲಿ ಬಲವಂತ ಮಾಡದೆ ಹೆಡ್ ಬಿಚ್ಚುವವರೆಗೆ ಕಾಯಬೇಕು.

ಲೆಕ್ಕ ಸರಳ: ಬೋರನ್ನು ಸೆಂಟಿಮೀಟರಿನಲ್ಲಿ ವರ್ಗ ಮಾಡಿ, 0.7854ರಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿದರೆ ಸಿಸಿ ಬರುತ್ತದೆ, ಅದನ್ನು 16.387ರಿಂದ ಭಾಗಿಸಿದರೆ ಘನ ಇಂಚು.

ಈ ಲೆಕ್ಕ ಎಷ್ಟು ಕೆಲಸಕ್ಕೆ ಬರುತ್ತದೆಂದು ತಿಳಿಯಲು ಫೋರ್ಡ್‌ಸನ್ ಡೆಕ್ಸ್‌ಟಾವನ್ನು ನೋಡಬಹುದು. 1957ರ ಡೆಕ್ಸ್‌ಟಾದಲ್ಲಿ ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ ಇತ್ತು. ಅದರ ಬೋರ್ 88.9 ಮಿಲಿಮೀಟರ್, ಸ್ಟ್ರೋಕ್ 127 ಮಿಲಿಮೀಟರ್. ಆಮೇಲೆ ಬಂದ ಸೂಪರ್ ಡೆಕ್ಸ್‌ಟಾದ ಸ್ಟ್ರೋಕ್ ಅಷ್ಟೇ, ಬೋರ್ ಮಾತ್ರ 91.44 ಮಿಲಿಮೀಟರ್. ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 2365 ಸಿಸಿ, ಅಂದರೆ 144 ಘನ ಇಂಚು. ಎರಡನೆಯದು ಸುಮಾರು 2502 ಸಿಸಿ, ಅಂದರೆ 152 ಘನ ಇಂಚು. ಹೊರಗಿನಿಂದ ಅಕ್ಕತಂಗಿಯರಂತೆ ಕಾಣುವ ಈ ಎರಡು ಎಂಜಿನ್‌ಗಳ ನಡುವಿನ ಅಂತರ ಸಿಲಿಂಡರಿನ ಬಾಯಲ್ಲಿ ಎರಡೂವರೆ ಮಿಲಿಮೀಟರ್ ಮಾತ್ರ. ಸಾಮಾನ್ಯ ಸ್ಕೇಲನ್ನು ಇಟ್ಟು ನೋಡಿದರೆ ಇದು ತಪ್ಪಿಹೋಗುವ ಸಂಭವವಿದೆ. ವರ್ನಿಯರ್ ಕ್ಯಾಲಿಪರ್ ಬೇಕು. ಸವೆದ ಸಿಲಿಂಡರಿನ ಮೇಲಿನ ಅಂಚಿನಲ್ಲಿ ರಿಂಗುಗಳು ತಾಗದ, ಸವೆಯದ ಒಂದು ಸಣ್ಣ ಪಟ್ಟಿ ಉಳಿದಿರುತ್ತದೆ; ಅಳತೆಯನ್ನು ಅಲ್ಲೇ ತೆಗೆದುಕೊಳ್ಳಬೇಕು.

ಬೋರಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಸವೆದ ಸಿಲಿಂಡರನ್ನು ಕೊರೆದು ದೊಡ್ಡ ಪಿಸ್ಟನ್ ಹಾಕಿರಬಹುದು. ಆಗ ಪಿಸ್ಟನ್ನಿನ ತಲೆಯ ಮೇಲೆ ಎಷ್ಟು ದೊಡ್ಡದೆಂಬ ಅಂಕಿ, ಉದಾಹರಣೆಗೆ 0.030 ಇಂಚು ಎಂಬರ್ಥದ ಗುರುತು, ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಕಳೆದು ಮೂಲ ಬೋರನ್ನು ಲೆಕ್ಕ ಹಾಕಿ. ಲೈನರ್, ಅಂದರೆ ಸಿಲಿಂಡರಿನೊಳಗೆ ಕೂರಿಸುವ ಬದಲಿಸಬಹುದಾದ ಕೊಳವೆ, ಇರುವ ಎಂಜಿನ್‌ಗಳಲ್ಲಿ ಬೋರ್ ಇನ್ನೂ ಸುಲಭವಾಗಿ ಬದಲಾಗುತ್ತದೆ. ಟಿಇ20ಯ ಸ್ಟ್ಯಾಂಡರ್ಡ್ ಪೆಟ್ರೋಲ್ ಎಂಜಿನ್ ಮೊದಲು 80 ಮಿಲಿಮೀಟರ್ ಬೋರಿನಲ್ಲಿ 1850 ಸಿಸಿ ಇತ್ತು, ಆಮೇಲೆ 85 ಮಿಲಿಮೀಟರಿನಲ್ಲಿ 2088 ಸಿಸಿ ಆಯಿತು. ಎರಡರಲ್ಲೂ ಸ್ಟ್ರೋಕ್ 92 ಮಿಲಿಮೀಟರ್. ಸ್ಟ್ರೋಕನ್ನು ಬದಲಿಸಬೇಕಾದರೆ ಕ್ರ್ಯಾಂಕನ್ನೇ ಬದಲಿಸಬೇಕು, ಅದನ್ನು ರಿಪೇರಿಯ ಹೆಸರಿನಲ್ಲಿ ಯಾರೂ ಮಾಡುವುದಿಲ್ಲ. ಆದ್ದರಿಂದ ಕುಟುಂಬವನ್ನು ತೀರ್ಮಾನಿಸಲು ಸ್ಟ್ರೋಕನ್ನೂ, ಪಿಸ್ಟನ್ ಮತ್ತು ರಿಂಗು ತರಿಸಲು ಈಗಿರುವ ಬೋರನ್ನೂ ಆಧಾರವಾಗಿ ಇಟ್ಟುಕೊಳ್ಳಬೇಕು.

ಐದನೆಯ ಹಂತ: ಎಂಜಿನ್ ಮೂಲದ್ದೇ ಎಂದು ಪರೀಕ್ಷಿಸುವುದು

ಇಷ್ಟಾದ ಮೇಲೆ ಎಂಜಿನ್ ಯಾವುದೆಂದು ತಿಳಿದಿರುತ್ತದೆ. ಅದು ಈ ಟ್ರ್ಯಾಕ್ಟರಿನೊಂದಿಗೇ ಕಾರ್ಖಾನೆಯಿಂದ ಹೊರಬಂದದ್ದೇ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಎರಕದ ದಿನಾಂಕ ಬಹಳ ಉಪಯುಕ್ತ: ಬ್ಲಾಕನ್ನು ಟ್ರ್ಯಾಕ್ಟರ್ ಜೋಡಿಸುವುದಕ್ಕಿಂತ ಮೊದಲೇ ಹೊಯ್ದಿರಬೇಕು. ಎರಕದ ದಿನಾಂಕ ಟ್ರ್ಯಾಕ್ಟರಿನ ತಯಾರಿಕೆಯ ನಂತರದ್ದಾಗಿದ್ದರೆ ಎಂಜಿನ್ ಬದಲಾಗಿದೆ, ಅದರಲ್ಲಿ ಎರಡನೆಯ ಮಾತಿಲ್ಲ. ಬಹಳ ವರ್ಷ ಹಿಂದಿನದಾಗಿದ್ದರೂ ಅನುಮಾನ ಪಡಬೇಕು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಹೆಚ್ಚುವರಿ ಉಕ್ಕಿನ ಹಲಗೆ, ಕತ್ತರಿಸಿ ಬೆಸೆದ ಬಾನೆಟ್, ಮುಂದಕ್ಕೆ ಸರಿಸಿದ ರೇಡಿಯೇಟರ್, ಬಳಕೆಯಾಗದೆ ಉಳಿದ ಬೋಲ್ಟಿನ ತೂತುಗಳು ಇವೆಲ್ಲ ಬದಲಾವಣೆಯ ಕುರುಹುಗಳು. ಫೋರ್ಡ್ ಎನ್ ಸರಣಿಯ ಟ್ರ್ಯಾಕ್ಟರುಗಳಿಗೆ ಫಂಕ್ ಹೆಸರಿನ ಕಿಟ್ ಬಳಸಿ ಆರು ಸಿಲಿಂಡರಿನ ಅಥವಾ ವಿ8 ಎಂಜಿನ್ ಕೂರಿಸಿದ್ದು ಆ ಕಾಲದಲ್ಲೇ ಪ್ರಸಿದ್ಧವಾಗಿತ್ತು. ಅಂಥ ಬದಲಾವಣೆಗೆ ಈಗ ತನ್ನದೇ ಆದ ಇತಿಹಾಸದ ಮೌಲ್ಯವಿದೆ. ಕೂರಿಸಿದ ಎಂಜಿನ್ ಮೂಲದ್ದಲ್ಲ ಎಂದ ಮಾತ್ರಕ್ಕೆ ಟ್ರ್ಯಾಕ್ಟರ್ ಕೆಟ್ಟದ್ದೆಂದು ನಾನು ಭಾವಿಸುವುದಿಲ್ಲ. ಚಾಲೂ ಆಗಲು ಕಷ್ಟಪಡುತ್ತಿದ್ದ 23ಸಿ ತೆಗೆದು ಪರ್ಕಿನ್ಸ್ ಹಾಕಿಕೊಂಡವರು ಕೆಲಸದ ಅಗತ್ಯಕ್ಕಾಗಿ ಹಾಗೆ ಮಾಡಿದರು.

ಎಂಜಿನ್ನಿಗೆ ಸಿಕ್ಕಿಸಿದ ಉಪಕರಣಗಳ ಮೇಲಿನ ಫಲಕಗಳು ಆ ಉಪಕರಣಗಳ ಗುರುತನ್ನು ಮಾತ್ರ ಕೊಡುತ್ತವೆ. ಆದರೂ ಅವುಗಳ ಬಗೆಯನ್ನು ಬರೆದಿಟ್ಟುಕೊಳ್ಳಬೇಕು. ಡೆಕ್ಸ್‌ಟಾಗೆ ಸಿಮ್ಸ್ ಕಂಪನಿಯ ಸಾಲುಪಂಪು, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಘಟಕ ಸಾಲಾಗಿರುವ ಇನ್‌ಲೈನ್ ಪಂಪು ಬರುತ್ತಿತ್ತು. ಮ್ಯಾಸಿ ಫರ್ಗುಸನ್ 35ರ ಮೂರು ಸಿಲಿಂಡರಿನ ಪರ್ಕಿನ್ಸ್‌ಗೆ ಸಿಎವಿ ಕಂಪನಿಯ ಡಿಪಿಎ ರೋಟರಿ ಪಂಪು. ಹತ್ತಿರದ ಸಂಬಂಧಿಗಳಾದ ಈ ಎಂಜಿನ್‌ಗಳಲ್ಲಿ ಡೆಕ್ಸ್‌ಟಾದ ಮೇಲೆ ರೋಟರಿ ಪಂಪು ಕಂಡರೆ, ಪಂಪು ಮಾತ್ರ ಬದಲಾಗಿದೆಯೋ ಇಡೀ ಎಂಜಿನ್ನೇ ಬದಲಾಗಿದೆಯೋ ಎಂದು ಬೋರ್ ಅಳೆದು ನೋಡುವುದು ಒಳಿತು.

ಕೊನೆಯ ಹಂತ: ಬರೆದಿಡುವುದು

ಒಂದೇ ಹಾಳೆಯ ಮೇಲೆ ಟ್ರ್ಯಾಕ್ಟರಿನ ಕ್ರಮಸಂಖ್ಯೆ, ಎಂಜಿನ್ ಸಂಖ್ಯೆ, ಬ್ಲಾಕಿನ ಮತ್ತು ಹೆಡ್ಡಿನ ಎರಕದ ಸಂಖ್ಯೆಗಳು, ಎರಕದ ದಿನಾಂಕ, ಸಿಲಿಂಡರುಗಳ ಸಂಖ್ಯೆ, ಬೋರ್, ಸ್ಟ್ರೋಕ್, ಪಿಸ್ಟನ್ನಿನ ಮೇಲಿನ ಗುರುತು, ಪಂಪಿನ ಅಥವಾ ಕಾರ್ಬುರೇಟರಿನ ಫಲಕದ ವಿವರ ಇವನ್ನು ಬರೆದು, ಪೆನ್ಸಿಲಿನಲ್ಲಿ ತೀಡಿದ ಕಾಗದವನ್ನು ಜೊತೆಗೆ ಲಗತ್ತಿಸಿ. ಹೆಡ್ಡಿನ ಸಂಖ್ಯೆಯನ್ನು ಬೇರೆಯಾಗಿ ಬರೆಯಲು ಹೇಳುವುದಕ್ಕೆ ಕಾರಣವಿದೆ: ಬಿರುಕುಬಿಟ್ಟ ಹೆಡ್ಡನ್ನು ಅದೇ ಕುಟುಂಬದ ಇನ್ನೊಂದು ಮಾದರಿಯ ಹೆಡ್ಡಿನಿಂದ ಬದಲಿಸಿರುವುದುಂಟು; ಆಗ ಬ್ಲಾಕಿಗೆ ಒಪ್ಪುವ ಗ್ಯಾಸ್ಕೆಟ್ ಹೆಡ್ಡಿನ ನೀರಿನ ದಾರಿಗಳಿಗೆ ಒಪ್ಪದೆ ಹೋಗಬಹುದು. ಈ ಹಾಳೆಯನ್ನು ತಯಾರಕರ ಬಿಡಿಭಾಗಗಳ ಪುಸ್ತಕದೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ. ಭಾಗ ಕೈಗೆ ಬಂದ ಮೇಲೂ ಹಳೆಯ ಗ್ಯಾಸ್ಕೆಟ್ಟಿನ ಮೇಲೆ ಹೊಸದನ್ನು ಇಟ್ಟು ಪ್ರತಿ ರಂಧ್ರವನ್ನು ಹೋಲಿಸಿ ನೋಡಿದ ಬಳಿಕವೇ ಹಳೆಯದನ್ನು ಎಸೆಯಬೇಕು.